ಕಳುಹಿಸಿದವರು ಯಾರು? ಡೊಮೇನ್ ಹೆಸರಿನ ಪಠ್ಯದಾಖಲೆ

ಅಂಚೆಯ ಲಕೋಟೆಯ ಮೇಲೆ ‘ಇಂದ’ ಎಂದು ಬರೆದು ಅದರ ಕೆಳಗೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದು. ಅಂಚೆಯವನು ನೋಡುವುದು ‘ಗೆ’ ಎಂಬುದರ ಕೆಳಗಿರುವ ವಿಳಾಸವನ್ನು ಮಾತ್ರ. ಕಳುಹಿಸಿದವರು ನಿಜವಾಗಿ ಅವರೇ ಹೌದೋ ಅಲ್ಲವೋ ಎಂಬುದನ್ನು ಅವನು ವಿಚಾರಿಸುವುದಿಲ್ಲ. ಇ-ಮೇಲಿನ ಸ್ಥಿತಿಯೂ ಬಹುಕಾಲ ಹೀಗೆಯೇ ಇದ್ದಿತು. ಇ-ಮೇಲನ್ನು ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿಯನ್ನು ಅಮೆರಿಕದ ಜಾನ್ ಪೋಸ್ಟೆಲ್ ಅವರು 1982ರಲ್ಲಿ ಪ್ರಕಟಿಸಿದರು. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ಜನ. ಆದುದರಿಂದ ಕಳುಹಿಸುವವರ ವಿಳಾಸವನ್ನು ಪರೀಕ್ಷಿಸುವ ಏರ್ಪಾಡು ಆ ನಿಯಮಾವಳಿಯಲ್ಲಿ ಇರಲಿಲ್ಲ.

ಇದರ ದುಷ್ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕಾಲೇಜಿನ ವಿಳಾಸದಿಂದಲೇ ಬಂದಂತೆ ಕಾಣುವ ಪತ್ರವೊಂದು ‘ಪರೀಕ್ಷಾ ಶುಲ್ಕವನ್ನು ಇಂದೇ ಈ ಖಾತೆಗೆ ಕಟ್ಟತಕ್ಕದ್ದು’ ಎಂದು ತಿಳಿಸಿದರೆ, ಎಷ್ಟು ಮಂದಿ ವಿದ್ಯಾರ್ಥಿಗಳು ಅದನ್ನು ಸಂಶಯಿಸಿಯಾರು? ಹಣ ಹೋಗುವುದು ವಿದ್ಯಾರ್ಥಿಯದು. ಹೆಸರು ಕೆಡುವುದು ಕಾಲೇಜಿನದು. ಈ ಮೋಸವನ್ನು ತಡೆಯುವ ಇಂದಿನ ಉಪಾಯಗಳು ಬಹಳ ಸರಳವಾದ ಒಂದು ಸಾಧನವನ್ನು ಆಶ್ರಯಿಸಿವೆ. ಡೊಮೇನ್ ಹೆಸರಿನ ದಾಖಲೆಗಳಲ್ಲಿ ಸೇರಿಸುವ ಒಂದು ಸಾಲು ಪಠ್ಯವೇ ಆ ಸಾಧನ. ಅದರ ಸ್ವರೂಪವನ್ನೂ ಬಳಕೆಯನ್ನೂ ಇಲ್ಲಿ ವಿಚಾರಿಸೋಣ.

ಹೆಸರುಗಳ ದಫ್ತರ

ಜಾಲದಲ್ಲಿರುವ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಮನುಷ್ಯರಿಗೆ ನೆನಪಿರುವುದು ಹೆಸರು. ಮೊದಲು ಎಲ್ಲ ಹೆಸರುಗಳನ್ನೂ ಅವುಗಳ ಅಂಕೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಇಟ್ಟಿದ್ದರು. ಜಾಲ ಬೆಳೆದಂತೆ ಆ ಪಟ್ಟಿಯನ್ನು ಒಂದೇ ಕಡೆ ತಿದ್ದುತ್ತಿರುವುದು ಅಸಾಧ್ಯವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಇದಕ್ಕೆ ಪರಿಹಾರವಾಗಿ ಡೊಮೇನ್ ನೇಮ್ ಸಿಸ್ಟಮ್, ಅಂದರೆ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು.

ಈ ವ್ಯವಸ್ಥೆಯಲ್ಲಿ ದಫ್ತರವು ಮರದಂತೆ ಕವಲೊಡೆದಿರುತ್ತದೆ. ಪಾಠಗಳಿಗೆಂದೇ ಕಾದಿರಿಸಿರುವ ‘ಎಕ್ಸಾಂಪಲ್.ಕಾಮ್’ ಎಂಬ ಹೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇರಿನ ಸರ್ವರುಗಳು ‘ಕಾಮ್’ ಕೊಂಬೆಯ ಸರ್ವರುಗಳನ್ನು ತೋರಿಸುತ್ತವೆ, ಅವು ‘ಎಕ್ಸಾಂಪಲ್.ಕಾಮ್’ಗೆ ಸೇರಿದ ನೇಮ್‌ಸರ್ವರನ್ನು ತೋರಿಸುತ್ತವೆ. ಅಲ್ಲಿಂದ ಕೆಳಗಿನ ಪುಟಗಳನ್ನು ಬರೆಯುವ ಅಧಿಕಾರ ಆ ಹೆಸರಿನ ಒಡೆಯನಿಗೆ ಸೇರಿದ್ದು. ಇಲ್ಲಿ ಗಮನಿಸತಕ್ಕ ಅಂಶ ಇದು: ಈ ಪುಟವನ್ನು ಲೋಕದವರೆಲ್ಲರೂ ಓದಬಹುದು, ಆದರೆ ಒಡೆಯನೊಬ್ಬನೇ ಬರೆಯಬಲ್ಲನು. ಪಠ್ಯದಾಖಲೆಯ ಬಲವೆಲ್ಲ ಇರುವುದು ಈ ವ್ಯತ್ಯಾಸದಲ್ಲಿಯೇ.

ಪುಟದಲ್ಲಿ ಹಲವು ಬಗೆಯ ದಾಖಲೆಗಳಿರುತ್ತವೆ. ‘ಎ’ ದಾಖಲೆ ಕಂಪ್ಯೂಟರಿನ ಅಂಕೆಯನ್ನೂ, ‘ಎಂಎಕ್ಸ್’ ದಾಖಲೆ ಇ-ಮೇಲನ್ನು ಸ್ವೀಕರಿಸುವ ಸರ್ವರಿನ ಹೆಸರನ್ನೂ ತಿಳಿಸುತ್ತವೆ. 1987ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1035 ಎಂಬ ಪ್ರಮಾಣಪತ್ರಿಕೆಯಲ್ಲಿ ‘ಟಿಎಕ್ಸ್‌ಟಿ’ ಅಥವಾ ಪಠ್ಯದಾಖಲೆಗೂ ಸ್ಥಾನವಿದೆ. ಅದರ ಬಗೆಯ ಸಂಖ್ಯೆ 16. ಅದರಲ್ಲಿ ಏನನ್ನು ಬರೆಯಬೇಕೆಂಬ ಕಟ್ಟುಪಾಡಿಲ್ಲ. ಒಂದೊಂದು ತುಂಡು ಪಠ್ಯವೂ 255 ಬೈಟುಗಳನ್ನು ಮೀರಬಾರದು ಎಂಬುದು ಮಾತ್ರ ನಿಯಮ. ಉದ್ದವಾದುದನ್ನು ತುಂಡುಗಳಾಗಿ ಬರೆಯಬಹುದು. ಅರ್ಥವನ್ನು ಗೊತ್ತುಮಾಡದೆ ಬಿಟ್ಟಿದ್ದ ಈ ಸ್ಥಳವೇ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ಮೂರು ಸಾಲುಗಳು

ಮೊದಲನೆಯದು ಎಸ್‌ಪಿಎಫ್. ‘ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಇಂತಿಂಥ ಸರ್ವರುಗಳಿಗೆ ಮಾತ್ರ ಅಧಿಕಾರವಿದೆ’ ಎಂಬ ಘೋಷಣೆ ಇದು. ನಿಜವಾದ ದಾಖಲೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು. ನಮ್ಮ ಲಿಪಿಯಲ್ಲಿ ಅದು ಹೀಗಿರುತ್ತದೆ:

ವಿ=ಎಸ್‌ಪಿಎಫ್1 ಐಪಿ4:192.0.2.10 -ಆಲ್

192.0.2.10 ಎಂಬ ವಿಳಾಸದಿಂದ ಬಂದ ಪತ್ರ ಸಾಧು, ಉಳಿದುವೆಲ್ಲ ಅಸಾಧು ಎಂದು ಇದರ ತಾತ್ಪರ್ಯ. ಪತ್ರವನ್ನು ಪಡೆಯುವ ಸರ್ವರು ಈ ಸಾಲನ್ನು ಓದಿ, ಪತ್ರ ಬಂದ ಅಂಕೆಯೊಡನೆ ಹೋಲಿಸಿ ನೋಡುತ್ತದೆ. ಆದರೆ ಪತ್ರವನ್ನು ನಡುವೆ ಯಾರಾದರೂ ಬೇರೆ ವಿಳಾಸಕ್ಕೆ ದಾಟಿಸಿದರೆ, ಅದು ಪಟ್ಟಿಯಲ್ಲಿಲ್ಲದ ಸರ್ವರಿನಿಂದ ಬಂದಂತಾಗಿ, ನಿಜವಾದ ಪತ್ರವೂ ಪರೀಕ್ಷೆಯಲ್ಲಿ ಸೋಲುವುದುಂಟು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ಎರಡನೆಯದಾದ ಡಿಕೆಐಎಂ. ಕಳುಹಿಸುವ ಸರ್ವರು ತನ್ನ ಗುಪ್ತ ಕೀಲಿಯಿಂದ ಪತ್ರಕ್ಕೆ ಗಣಿತೀಯ ಸಹಿಯೊಂದನ್ನು ಹಾಕುತ್ತದೆ. ಅದನ್ನು ಪರೀಕ್ಷಿಸಲು ಬೇಕಾದ ಬಹಿರಂಗ ಕೀಲಿಯು ಪಠ್ಯದಾಖಲೆಯಲ್ಲಿರುತ್ತದೆ. ದಾರಿಯಲ್ಲಿ ಪತ್ರದ ಒಕ್ಕಣೆ ಬದಲಾದರೆ ಸಹಿ ಹೊಂದುವುದಿಲ್ಲ. 2048 ಬಿಟ್ಟುಗಳ ಆರ್‌ಎಸ್‌ಎ ಕೀಲಿಯನ್ನು ಬರೆಯಲು ಸುಮಾರು 390 ಅಕ್ಷರಗಳು ಬೇಕಾಗುವುದರಿಂದ, ಮೇಲೆ ಹೇಳಿದ 255ರ ಮಿತಿಗೆ ಅನುಸಾರವಾಗಿ ಅದನ್ನು ತುಂಡರಿಸಬೇಕಾಗುತ್ತದೆ.

ಮೂರನೆಯದು ಡಿಮಾರ್ಕ್, ಇದರ ವಿವರ 2015ರಲ್ಲಿ ಪ್ರಕಟವಾಯಿತು. ಓದುಗನ ಕಣ್ಣಿಗೆ ಕಾಣುವ ‘ಇಂದ’ ವಿಳಾಸದ ಡೊಮೇನು, ಮೊದಲೆರಡು ಪರೀಕ್ಷೆಗಳಲ್ಲಿ ಒಂದರಲ್ಲಾದರೂ ಗೆದ್ದ ಡೊಮೇನಿನೊಡನೆ ಹೊಂದಬೇಕೆಂದು ಇದು ವಿಧಿಸುತ್ತದೆ. ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂಬ ಒಡೆಯನ ಇಚ್ಛೆಯನ್ನೂ ಸೂಚಿಸುತ್ತದೆ: ಸುಮ್ಮನೆ ಬಿಡುವುದು, ಬೇರೆಯಾಗಿ ಇಡುವುದು, ಇಲ್ಲವೆ ತಿರಸ್ಕರಿಸುವುದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಭಾರಿ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಈ ಮೂರನ್ನೂ ಕಡ್ಡಾಯಮಾಡಿದುವು.

ದಾಖಲೆಯನ್ನು ಸೇರಿಸುವ ಕ್ರಮ

ಮೊದಲು, ಆ ಡೊಮೇನಿನ ನೇಮ್‌ಸರ್ವರು ಯಾರ ವಶದಲ್ಲಿದೆ ಎಂಬುದನ್ನು ತಿಳಿಯಬೇಕು. ಹೆಸರನ್ನು ಕೊಂಡದ್ದು ಒಬ್ಬರಿಂದ, ದಾಖಲೆಗಳನ್ನು ಇಟ್ಟಿರುವುದು ಇನ್ನೊಬ್ಬರಲ್ಲಿ ಆಗಿರಬಹುದು. ಬೇರೆಡೆ ಬರೆದ ಸಾಲನ್ನು ಯಾರೂ ಓದುವುದಿಲ್ಲ.

ಸರಿಯಾದ ಸ್ಥಳದಲ್ಲಿ ನಾಲ್ಕು ಅಂಶಗಳನ್ನು ತುಂಬಬೇಕು. ಬಗೆಯು ಟಿಎಕ್ಸ್‌ಟಿ. ಹೆಸರಿನ ಜಾಗದಲ್ಲಿ, ದಾಖಲೆಯು ಡೊಮೇನಿಗೇ ಸೇರಿದ್ದಾದರೆ ಸಾಮಾನ್ಯವಾಗಿ ‘@’ ಚಿಹ್ನೆ. ಡಿಮಾರ್ಕ್ ಆದರೆ ‘_ಡಿಮಾರ್ಕ್’. ಡೊಮೇನಿನ ಉಳಿದ ಭಾಗವನ್ನು ಅನೇಕ ಕಡೆ ವ್ಯವಸ್ಥೆಯೇ ಸೇರಿಸಿಕೊಳ್ಳುವುದರಿಂದ, ಪೂರ್ತಿ ಹೆಸರನ್ನು ಬರೆದರೆ ಅದು ಎರಡು ಸಲ ಬಂದು ದಾಖಲೆ ನಿಷ್ಫಲವಾದೀತು. ಮೂರನೆಯದು ಪಠ್ಯ. ನಾಲ್ಕನೆಯದು ಟಿಟಿಎಲ್, ಅಂದರೆ ಇತರ ಸರ್ವರುಗಳು ಈ ಉತ್ತರವನ್ನು ಎಷ್ಟು ಸೆಕೆಂಡುಗಳವರೆಗೆ ನೆನಪಿಟ್ಟುಕೊಳ್ಳಬಹುದೆಂಬ ಅವಧಿ. 3600 ಎಂದರೆ ಒಂದು ಗಂಟೆ. ದಾಖಲೆಯನ್ನು ತಿದ್ದಿದ ಒಡನೆ ಹೊಸ ಉತ್ತರ ಎಲ್ಲೆಡೆಯೂ ಕಾಣದಿರುವುದಕ್ಕೆ ಇದೇ ಕಾರಣ. ಹಳೆಯ ಅವಧಿ ತೀರುವವರೆಗೆ ಕಾಯಬೇಕು.

ಇನ್ನೆರಡು ಎಚ್ಚರಿಕೆಗಳು ಅವಶ್ಯ. ಒಂದು ಹೆಸರಿಗೆ ಒಂದೇ ಎಸ್‌ಪಿಎಫ್ ಸಾಲು ಇರತಕ್ಕದ್ದು. ಎರಡಿದ್ದರೆ ಪರೀಕ್ಷೆಯೇ ದೋಷಯುಕ್ತವಾಗುವುದರಿಂದ, ಹೊಸ ಸರ್ವರನ್ನು ಹಳೆಯ ಸಾಲಿನೊಳಗೇ ಸೇರಿಸಬೇಕು. ಡಿಮಾರ್ಕನ್ನು ಮೊದಲೇ ‘ತಿರಸ್ಕರಿಸು’ ಎಂಬ ಆಜ್ಞೆಯಿಂದ ಆರಂಭಿಸುವುದೂ ಯುಕ್ತವಲ್ಲ. ಪಟ್ಟಿಯಲ್ಲಿ ಒಂದು ಸರ್ವರು ಬಿಟ್ಟುಹೋಗಿದ್ದರೆ ಸಂಸ್ಥೆಯ ನಿಜವಾದ ಪತ್ರಗಳೇ ಹಿಂದಿರುಗಿಯಾವು.

ಉಪಾಯದ ಎಲ್ಲೆ

ಈ ಸಾಲುಗಳು ಪತ್ರವು ಯಾವ ಡೊಮೇನಿನಿಂದ ಬಂದಿತೆಂಬುದನ್ನು ಹೇಳುತ್ತವೆಯೇ ಹೊರತು ಕಳುಹಿಸಿದವನು ಸಜ್ಜನನೆಂದು ಹೇಳುವುದಿಲ್ಲ. ಕಾಲೇಜಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿದ ಹೊಸ ಡೊಮೇನನ್ನು ವಂಚಕನು ಕೊಂಡು, ಅದಕ್ಕೆ ಮೂರು ದಾಖಲೆಗಳನ್ನೂ ಸರಿಯಾಗಿ ಬರೆಯಬಹುದು. ಅವನ ಪತ್ರ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುತ್ತದೆ. ಆದುದರಿಂದ ವಿಳಾಸವನ್ನು ಅಕ್ಷರಶಃ ಓದುವ ಕೆಲಸ ಇಂದಿಗೂ ಮನುಷ್ಯನ ಪಾಲಿನದೇ. ಹಾಗೆಯೇ, ದಾಖಲೆ ಬರೆಯುವ ಖಾತೆಯ ಗುಪ್ತಪದ ಕಳ್ಳನ ಕೈಸೇರಿದರೆ, ಒಡೆಯನ ಪುಟದಲ್ಲಿ ಅವನೇ ಬರೆಯತೊಡಗುತ್ತಾನೆ. ಆಗ ಲೋಕಕ್ಕೆ ಅವನೇ ಒಡೆಯ.

ಆಸಕ್ತರಾದ ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಕಂಪ್ಯೂಟರಿನಲ್ಲಿ ‘ಎನ್‌ಎಸ್‌ಲುಕಪ್’ ಎಂಬ ಆಜ್ಞೆಗೆ ಟಿಎಕ್ಸ್‌ಟಿ ಎಂಬ ಬಗೆಯನ್ನು ಸೂಚಿಸಿ ತಮ್ಮ ಕಾಲೇಜಿನ ಡೊಮೇನನ್ನು ಕೊಟ್ಟರೆ, ಅದರ ಪಠ್ಯದಾಖಲೆಗಳು ಪರದೆಯ ಮೇಲೆ ಮೂಡುತ್ತವೆ. ಜಿಮೇಲ್ ಬಳಸುವವರು ಪತ್ರವೊಂದರ ಮೂಲರೂಪವನ್ನು ತೆರೆದು, ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಇವುಗಳ ಮುಂದೆ ‘ಪಾಸ್’ ಎಂದಿದೆಯೋ ‘ಫೇಲ್’ ಎಂದಿದೆಯೋ ನೋಡಬಹುದು. ಶುಲ್ಕ ಕಟ್ಟಿರೆಂದು ಅವಸರಪಡಿಸುವ ಪತ್ರ ಬಂದಾಗ ಹಣ ಕಳುಹಿಸುವ ಮುನ್ನ ಈ ಪರೀಕ್ಷೆಯನ್ನು ಮಾಡುವುದು ಲೇಸು.