ಬೆಕ್ಕಿಗೆ ತುರಿಕೆಯೇ? ಬಿಟ್ಟು ಬರುವ ಮೊದಲು ಕಾರಣ ಹುಡುಕಿ

ಲಿಂಗದಹಳ್ಳಿ, ತರೀಕೆರೆ ಕಡೆಯ ಅಡಿಕೆ, ಕಾಫಿ ಮನೆಗಳಲ್ಲಿ ಬೆಕ್ಕು ಬರೀ ಮುದ್ದಿನ ಪ್ರಾಣಿಯಲ್ಲ. ಗೋಣಿಚೀಲಗಳಿರುವಲ್ಲಿ ಇಲಿ ಬರುತ್ತದೆ, ಇಲಿ ಬಂದಲ್ಲಿ ಬೆಕ್ಕು ಬೇಕಾಗುತ್ತದೆ. ಅದೇ ಬೆಕ್ಕು ಹಗಲೂ ರಾತ್ರಿ ಕೆರೆದುಕೊಳ್ಳತೊಡಗಿ, ಹೊಟ್ಟೆಯ ರೋಮ ಉದುರಿ, ಕತ್ತಿನ ಸುತ್ತ ಹಕ್ಕಳೆ ಕಟ್ಟಿದರೆ ಮನೆಯವರಿಗೆ ದಿಗಿಲು. ಮಕ್ಕಳಿಗೆ ಅಂಟೀತೇ, ನಮಾಝಿನ ಬಟ್ಟೆ ಕೆಟ್ಟೀತೇ ಎಂಬ ಚಿಂತೆ. ಕೊನೆಗೆ ಚೀಲದಲ್ಲಿ ಹಾಕಿ ದೂರದ ತೋಟದ ಬದಿಯಲ್ಲೋ ಸಂತೆಯ ಹತ್ತಿರವೋ ಬಿಟ್ಟು ಬರುವವರೂ ಇದ್ದಾರೆ. ಮನೆಯ ಅನ್ನಕ್ಕೆ ಒಗ್ಗಿದ, ಕಾಯಿಲೆ ಬಿದ್ದ ಬೆಕ್ಕಿಗೆ ಅದು ಹಸಿವಿನ ಸಾವಿನ ದಾರಿ.

ಇಂತಹ ತುರಿಕೆಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಇದೆ, ಅದನ್ನು ಹುಡುಕಲು ಒಂದು ಕ್ರಮವೂ ಇದೆ.

ಬೆಕ್ಕು ಮತ್ತು ನಮ್ಮ ಹೊಣೆ

ಅಬೂ ಕತಾದ(ರ)ರಿಗೆ ವುಝೂ ಮಾಡಲು ಅವರ ಸೊಸೆ ಕಬ್‌ಶಾ ನೀರು ತಂದಿಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನೇ ಅದಕ್ಕೆ ಓರೆ ಮಾಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲವೆಂದೂ ಅದು ನಮ್ಮ ಸುತ್ತ ಸದಾ ಸುಳಿದಾಡುವ ಜೀವಿಗಳಲ್ಲಿ ಒಂದೆಂದೂ ಪ್ರವಾದಿ(ಸ)ರು ತಿಳಿಸಿದ್ದನ್ನು ಹೇಳಿದರು. ಅಬೂದಾವೂದ್, ತಿರ್ಮಿದಿ ಮುಂತಾದ ಗ್ರಂಥಗಳಲ್ಲಿ ಈ ವರದಿ ಇದೆ. ಉದುರಿದ ರೋಮದ ವಿಷಯದಲ್ಲಿ ಮದ್‌ಹಬ್‌ಗಳ ವಿವರಣೆಯಲ್ಲಿ ಸ್ವಲ್ಪ ವ್ಯತ್ಯಾಸ ಇರುವುದರಿಂದ ನಿಮ್ಮ ಜಮಾಅತಿನ ಉಸ್ತಾದರಲ್ಲಿ ಕೇಳಿ ತಿಳಿಯಿರಿ.

ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಇನ್ನೊಂದು ಹದೀಸ್ ಎಚ್ಚರಿಕೆಯದು. ಬೆಕ್ಕನ್ನು ಕೂಡಿಹಾಕಿ, ತಿನ್ನಲು ಕೊಡದೆ, ತಾನಾಗಿ ಬೇಟೆಯಾಡಲೂ ಬಿಡದೆ ಸಾಯಿಸಿದ ಮಹಿಳೆ ಶಿಕ್ಷೆಗೆ ಗುರಿಯಾದಳು. ಸಾಕಿದ ಮೇಲೆ ಅದರ ಆಹಾರವೂ ಆರೈಕೆಯೂ ನಮ್ಮ ಮೇಲಿನ ಹೊಣೆ.

ಅಲರ್ಜಿ ಎಂದರೇನು?

ದೇಹಕ್ಕೆ ನಿಜವಾಗಿ ಹಾನಿ ಮಾಡದ ವಸ್ತುವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಕೆರಳುವುದೇ ಅಲರ್ಜಿ. ಮನುಷ್ಯರಲ್ಲಿ ಅದು ಸೀನು, ನೆಗಡಿಯಾಗಿ ಕಾಣುವುದು ಹೆಚ್ಚು. ಬೆಕ್ಕಿನಲ್ಲಿ ಹೆಚ್ಚಾಗಿ ಚರ್ಮದಲ್ಲೇ ಕಾಣುತ್ತದೆ. ಬೆಕ್ಕು ಯಾರೂ ಇಲ್ಲದಾಗ ನೆಕ್ಕಿ ನೆಕ್ಕಿ ಹೊಟ್ಟೆ, ತೊಡೆಯ ರೋಮ ಬೋಳು ಮಾಡಿಕೊಳ್ಳುತ್ತದೆ. ಬೆನ್ನು, ಕತ್ತಿನ ಮೇಲೆ ಕೈಯಾಡಿಸಿದರೆ ರಾಗಿ ಕಾಳಿನಂತಹ ಗುಳ್ಳೆಗಳು ಸಿಗುತ್ತವೆ. ತುಟಿಯಲ್ಲಿ ಹುಣ್ಣಾಗುವುದೂ ಉಂಟು. ಕೆಲವಕ್ಕೆ ವಾಂತಿ, ಭೇದಿಯೂ ಇರುತ್ತದೆ.

ಮೊದಲು: ಇದು ಅಲರ್ಜಿಯೇ?

ಹುಳುಕಡ್ಡಿ, ಕಜ್ಜಿ, ಕಿವಿಯ ನುಸಿ ಕೂಡ ಇದೇ ರೀತಿ ಕಾಣಬಹುದು. ಆದ್ದರಿಂದ ಮೊದಲ ಕೆಲಸ ಪಶುವೈದ್ಯರಿಗೆ ತೋರಿಸುವುದು. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿ ಇದೆಯೇ ಎಂಬ ಸುಳಿವು ಸಿಗುತ್ತದೆ. ಹುಳುಕಡ್ಡಿ ಶಿಲೀಂಧ್ರದಿಂದ ಬರುವ ರೋಗ. ಮನೆಯ ಮಗುವಿನ ಕೈ, ಕತ್ತಿನಲ್ಲಿ ಉಂಗುರದಂತಹ ಕೆಂಪು ಕಲೆ ಎದ್ದಿದ್ದರೆ ವೈದ್ಯರಿಗೆ ಹೇಳಲು ಮರೆಯಬೇಡಿ. ಹುಳುಕಡ್ಡಿ ಬೆಕ್ಕಿನಿಂದ ಮನುಷ್ಯರಿಗೆ ಅಂಟುತ್ತದೆ, ಬೆಕ್ಕಿನ ಅಲರ್ಜಿ ಅಂಟುವುದಿಲ್ಲ.

ಹತ್ತಿರದ ಸರಕಾರಿ ಪಶು ಆಸ್ಪತ್ರೆಯಲ್ಲಿ ತೋರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ.

ಒಂದನೇ ಹೆಜ್ಜೆ: ಚಿಗಟ

ಬೆಕ್ಕಿನ ಅಲರ್ಜಿಗೆ ಅತಿ ಸಾಮಾನ್ಯ ಕಾರಣ ಚಿಗಟದ ಜೊಲ್ಲು. ಅಲರ್ಜಿ ಇರುವ ಬೆಕ್ಕಿಗೆ ಕೆಲವೇ ಕಡಿತ ಸಾಕು. ‘ಒಂದು ಚಿಗಟವೂ ಕಾಣಲಿಲ್ಲ’ ಎಂದು ಬಿಟ್ಟುಬಿಡಬೇಡಿ, ಬೆಕ್ಕು ನೆಕ್ಕುವಾಗ ಚಿಗಟವನ್ನು ನುಂಗಿಬಿಡುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ತಲೆಯ ಹೇನು ತೆಗೆಯುವಂತಹ ಸೀರಣಿಗೆಯೊಂದನ್ನು ಬೆಕ್ಕಿಗೆಂದೇ ಇಟ್ಟು, ಬಾಲದ ಬುಡದಿಂದ ಬೆನ್ನಿನ ತನಕ ಬಾಚಿ. ಬಿದ್ದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ. ಪುಡಿಯ ಸುತ್ತ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಒಳಗಿರುವುದು ಬೆಕ್ಕಿನ ರಕ್ತ. ಬಣ್ಣ ಬಿಡದಿದ್ದರೆ ಬರೀ ಧೂಳು.

ಚಿಗಟದ ಮೊಟ್ಟೆಗಳು ಬೆಕ್ಕಿನ ಮೈಮೇಲೆ ಉಳಿಯದೆ ಅದು ಮಲಗುವ ಗೋಣಿಚೀಲ, ಚಾಪೆ, ಸೋಫಾದ ಸಂದಿಗೆ ಉದುರುತ್ತವೆ. ಅಲ್ಲಿ ಹುಳುವಾಗಿ, ಗೂಡು ಕಟ್ಟಿ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದು ಹೊರಬರುತ್ತವೆ. ಮಳೆಗಾಲದ ತೇವ ಅವಕ್ಕೆ ಅನುಕೂಲ. ಆದ್ದರಿಂದ ಒಮ್ಮೆ ಔಷಧಿ ಹಾಕಿ ನಿಲ್ಲಿಸಿದರೆ ಪ್ರಯೋಜನವಿಲ್ಲ. ವೈದ್ಯರು ಬೆಕ್ಕಿಗೆಂದೇ ಬರೆದುಕೊಟ್ಟ ಹನಿ ಔಷಧಿಯನ್ನು, ನಾಲಗೆ ಎಟುಕದಂತೆ ಕತ್ತಿನ ಹಿಂಭಾಗಕ್ಕೆ, ಅವರು ಹೇಳಿದ ಅಂತರದಲ್ಲಿ ಎರಡು ಮೂರು ತಿಂಗಳು ಹಾಕಿ. ಮನೆಯ ಎಲ್ಲ ಬೆಕ್ಕುಗಳಿಗೂ, ನಾಯಿ ಇದ್ದರೆ ಅದಕ್ಕೆ ಅದರದೇ ಔಷಧಿಯನ್ನೂ ಏಕಕಾಲಕ್ಕೆ ಹಾಕಬೇಕು. ಹಾಸಿಗೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಗಳನ್ನು ಗುಡಿಸಿ. ಇಷ್ಟರಲ್ಲೇ ಅನೇಕ ಬೆಕ್ಕುಗಳ ತುರಿಕೆ ನಿಲ್ಲುತ್ತದೆ.

ಮೂಗಿನ ಮೇಲೆ ಮತ್ತು ಕಿವಿಯ ಹೊರಬದಿಯಲ್ಲಿ ಮಾತ್ರ ಹಕ್ಕಳೆ ಇದ್ದರೆ ಸೊಳ್ಳೆ ಕಡಿತದ ಅಲರ್ಜಿ ಇರಬಹುದು. ಕೆಲವು ದಿನ ಸೊಳ್ಳೆ ಬಾರದ ಕೋಣೆಯೊಳಗೆ ಇಟ್ಟು ನೋಡಿ. ಗಾಯ ಮಾಗಿದರೆ ಕಾರಣ ಸಿಕ್ಕಿತು.

ಎರಡನೇ ಹೆಜ್ಜೆ: ಆಹಾರ

ಚಿಗಟ ಹೋದ ಮೇಲೂ ವರ್ಷವಿಡೀ ತುರಿಕೆ ಇದ್ದರೆ ಆಹಾರದ ಕಡೆ ನೋಡಬೇಕು. ವಿದೇಶಗಳ ವರದಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ, ಆಹಾರದ ಅಲರ್ಜಿ ಇದ್ದ 78 ಬೆಕ್ಕುಗಳಲ್ಲಿ ಶೇ. 18ಕ್ಕೆ ದನದ ಮಾಂಸ, ಶೇ. 17ಕ್ಕೆ ಮೀನು, ಶೇ. 5ಕ್ಕೆ ಕೋಳಿ ಕಾರಣವಾಗಿತ್ತು. ಹೊಸ ಆಹಾರಕ್ಕಿಂತ ಬಹುಕಾಲ ತಿಂದು ರೂಢಿಯಾದ ಆಹಾರಕ್ಕೇ ಅಲರ್ಜಿ ಬರುವುದು ಹೆಚ್ಚು. ‘ಮರಿಯಿಂದಲೂ ಮೀನು ತಿನ್ನುತ್ತಿದೆ, ಅದರಿಂದ ಹೇಗೆ?’ ಎಂಬ ಪ್ರಶ್ನೆಗೆ ಇದೇ ಉತ್ತರ.

ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಇರುವ ದಾರಿ ಆಹಾರ ಪಥ್ಯ. ಬೆಕ್ಕು ಈ ತನಕ ತಿಂದಿರುವ ಎಲ್ಲವನ್ನೂ ಪಟ್ಟಿ ಮಾಡಿ. ಪಟ್ಟಿಯಲ್ಲಿಲ್ಲದ ಒಂದೇ ಒಂದು ಮಾಂಸವನ್ನು ಆರಿಸಿ, ಉದಾಹರಣೆಗೆ ಬಾತುಕೋಳಿ ಅಥವಾ ಮೊಲ. ಆಡು, ಕುರಿಯ ಮಾಂಸ ಬಕ್ರೀದ್‌ನಲ್ಲಿ ಸಿಕ್ಕಿರಬಹುದು ಎಂಬುದನ್ನು ನೆನಪಿಡಿ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನೇ ನಾಶ ಮಾಡುತ್ತವೆ. ಪಥ್ಯಕ್ಕೆಂದು ತಯಾರಾದ ಸಿದ್ಧ ಆಹಾರವೂ ಸಿಗುತ್ತದೆ. ಕೊಳ್ಳುವಾಗ ಯಾವ ಪ್ರಾಣಿಯ ಮಾಂಸವೆಂದು ಪೊಟ್ಟಣದ ಮೇಲೆ ಓದಿ ನೋಡಿ.

ಆಹಾರವನ್ನು ಒಂದು ವಾರದಲ್ಲಿ ನಿಧಾನವಾಗಿ ಬದಲಿಸಿ. ‘ಹಸಿದರೆ ತಿಂದೀತು’ ಎಂದು ಬೆಕ್ಕನ್ನು ಉಪವಾಸ ಕೆಡವಬಾರದು. ಕೆಲವು ದಿನ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯ. ಪಥ್ಯ ಎಂಟು ವಾರ ನಡೆಯಬೇಕು, ಚರ್ಮ ಸುಧಾರಿಸಲು ಅಷ್ಟು ಸಮಯ ಬೇಕು. ಬರೀ ಬೇಯಿಸಿದ ಮಾಂಸದಲ್ಲಿ ಸುಣ್ಣದಂಶ ಕಡಿಮೆ, ಟಾರಿನ್ ಎಂಬ ಪೋಷಕಾಂಶವೂ ಸಾಲದೆ ಹೋಗಬಹುದು. ಟಾರಿನ್ ಕೊರತೆಯಿಂದ ಕಣ್ಣು, ಹೃದಯ ಕೆಡುತ್ತವೆ. ಆದ್ದರಿಂದ ಮರಿಗಳಿಗೆ ಈ ಪಥ್ಯ ಬೇಡ, ದೊಡ್ಡ ಬೆಕ್ಕಿಗೂ ವೈದ್ಯರ ಸಲಹೆಯಿಂದಲೇ ಮಾಡಿ.

ಪಥ್ಯ ಸೋಲುವುದು ಹೆಚ್ಚಾಗಿ ನಮ್ಮಿಂದಲೇ. ಮಗು ಬಿಸ್ಕತ್ತು ಹಾಕುತ್ತದೆ, ಅಜ್ಜಿ ಹಾಲು ಇಡುತ್ತಾರೆ, ಪಕ್ಕದ ಮನೆಯವರು ಮೀನಿನ ತಲೆ ಎಸೆಯುತ್ತಾರೆ. ರಮಝಾನ್‌ನಲ್ಲಿ ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಸುಪ್ರಾದ ಪಕ್ಕ ಕೂತ ಬೆಕ್ಕಿಗೆ ಒಂದು ತುಂಡು ಸಿಕ್ಕೇ ಸಿಗುತ್ತದೆ. ಆದ್ದರಿಂದ ರಮಝಾನ್, ಬಕ್ರೀದ್ ಬಿಟ್ಟು ಬೇರೆ ಎರಡು ತಿಂಗಳನ್ನು ಆರಿಸಿ, ಮನೆಯವರಿಗೆಲ್ಲ ಹೇಳಿ. ಇಲಿ ಹಿಡಿಯುವ ಬೆಕ್ಕನ್ನು ಅಷ್ಟು ದಿನ ಮಣ್ಣಿನ ತಟ್ಟೆ, ನೀರು ಇಟ್ಟು ಒಳಗೇ ಸಾಕಬೇಕಾಗುತ್ತದೆ.

ತುರಿಕೆ ಇಳಿದ ಮೇಲೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಮಾತ್ರ ಆಹಾರವೇ ಕಾರಣ ಎಂದು ಖಚಿತ. ಬಳಿಕ ಒಂದೊಂದನ್ನೇ ಕೊಟ್ಟು, ಮೀನೋ ಕೋಳಿಯೋ ಎಂದು ಗುರುತಿಸಿ.

ಮೂರನೇ ಹೆಜ್ಜೆ: ಗಾಳಿ, ಧೂಳು

ಎರಡೂ ಅಲ್ಲವಾದರೆ ಉಳಿಯುವುದು ಪರಾಗ, ಮನೆಯ ಧೂಳಿನ ನುಸಿ, ಗೋಡೆಯ ಬೂಷ್ಟು. ಇದನ್ನು ಇತರ ಕಾರಣಗಳನ್ನು ಕಳೆದೇ ಗುರುತಿಸಬೇಕು. ಚುಚ್ಚುಮದ್ದಿನ ಚಿಕಿತ್ಸೆಗೆ ವಸ್ತುಗಳನ್ನು ಆರಿಸಲು ಮಾತ್ರ ರಕ್ತ ಅಥವಾ ಚರ್ಮದ ಪರೀಕ್ಷೆ ನೆರವಾಗುತ್ತದೆ. ಲೋಬಾನ, ಅಗರಬತ್ತಿ, ಸೌದೆಯ ಹೊಗೆ ಬೆಕ್ಕಿನ ಶ್ವಾಸನಾಳವನ್ನು ಕೆರಳಿಸುತ್ತದೆ. ಕತ್ತು ಮುಂದೆ ಚಾಚಿ, ನೆಲಕ್ಕೆ ಕುಗ್ಗಿ ಕೆಮ್ಮುವ ಬೆಕ್ಕಿಗೆ ಆಸ್ತಮಾ ಇರಬಹುದು.

ಇಲ್ಲಿ ಬಹಳ ಉಪಯೋಗಕ್ಕೆ ಬರುವುದು ಒಂದು ನೋಟ್‌ಬುಕ್. ಪ್ರತಿ ವಾರ ತುರಿಕೆಗೆ ಹತ್ತರಲ್ಲಿ ಎಷ್ಟು ಅಂಕ, ಏನು ತಿಂದಿತು, ಮಳೆ ಇತ್ತೇ, ಅಡಿಕೆ ಸುಲಿಯುವ ಕೆಲಸ ನಡೆದಿತ್ತೇ ಎಂದು ಬರೆದಿಡಿ. ನಮ್ಮ ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಬಕ್ರೀದ್ ಹಿಂದಕ್ಕೆ ಸರಿಯುತ್ತದೆ, ಮಳೆಗಾಲ ತನ್ನ ಜಾಗದಲ್ಲೇ ಇರುತ್ತದೆ. ವರ್ಷಗಳು ಕಳೆದಂತೆ ತುರಿಕೆ ಬಕ್ರೀದ್ ಜೊತೆ ಸರಿದರೆ ಆಹಾರದ ಮೇಲೆ ಅನುಮಾನ ಪಡಿ. ಮಳೆಗಾಲದಲ್ಲೇ ನಿಂತರೆ ಚಿಗಟ, ಬೂಷ್ಟಿನ ಮೇಲೆ.

ಇವನ್ನು ಮಾಡಲೇಬೇಡಿ

- ನಾಯಿಯ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಕೆಲವದರಲ್ಲಿರುವ ಪರ್ಮೆತ್ರಿನ್ ಬೆಕ್ಕನ್ನು ಕೊಲ್ಲುತ್ತದೆ.
- ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಅದು ಬೆಕ್ಕಿಗೆ ವಿಷ.
- ಸೀಮೆಎಣ್ಣೆ, ಫಿನಾಯಿಲ್, ಕರ್ಪೂರದ ಎಣ್ಣೆ ಸವರಬೇಡಿ. ಬೆಕ್ಕು ಮೈ ನೆಕ್ಕಿ ಎಲ್ಲವನ್ನೂ ನುಂಗುತ್ತದೆ.
- ಸ್ಟಿರಾಯ್ಡ್ ಚುಚ್ಚುಮದ್ದನ್ನು ಮತ್ತೆ ಮತ್ತೆ ಕೇಳಿ ಹಾಕಿಸಬೇಡಿ. ತುರಿಕೆ ತಾತ್ಕಾಲಿಕವಾಗಿ ಅಡಗುತ್ತದೆ, ಕಾರಣ ಮುಚ್ಚಿಹೋಗುತ್ತದೆ, ಸಕ್ಕರೆ ಕಾಯಿಲೆಯ ಅಪಾಯವೂ ಇದೆ.

ಬಾಯಿ ತೆರೆದು ಉಸಿರಾಡುವುದು, ಮುಖ ಊದುವುದು, ಒಂದು ದಿನಕ್ಕಿಂತ ಹೆಚ್ಚು ಏನೂ ತಿನ್ನದಿರುವುದು ಕಂಡರೆ ಕಾಯದೆ ವೈದ್ಯರ ಬಳಿ ಒಯ್ಯಿರಿ.

ಮನೆಯವರ ಶುಚಿತ್ವ

ಬೆಕ್ಕಿಗೆ ಬೇರೆ ಹಾಸಿಗೆ, ಬೇರೆ ತಟ್ಟೆ ಇರಲಿ. ಮುಸಲ್ಲಾ ಮತ್ತು ನಮಾಝಿನ ಬಟ್ಟೆಯನ್ನು ಅದು ಮಲಗದ ಕಡೆ ಮಡಚಿಡಿ. ಮುಟ್ಟಿದ ಮೇಲೆ ಮಕ್ಕಳು ಸೋಪು ಹಾಕಿ ಕೈ ತೊಳೆಯಲಿ. ಗರ್ಭಿಣಿಯರು ಅದರ ಮಲ ತೆಗೆಯುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಈ ಹುಡುಕಾಟಕ್ಕೆ ನಾಲ್ಕೈದು ತಿಂಗಳು ಹಿಡಿಯಬಹುದು. ಹೆಚ್ಚು ಹಣ ಬೇಡ, ಸಬ್ರ್ ಬೇಕು. ಇಂದು ಸೀರಣಿಗೆ ಮತ್ತು ಒದ್ದೆ ಬಿಳಿ ಬಟ್ಟೆಯಿಂದ ಆರಂಭಿಸಿ.