ಹಂದಿ ಕಾಟಕ್ಕೆ ಮನೆಯಲ್ಲೇ ತೋಟಾ ತುಂಬಬಹುದೇ?

ಪ್ರಶ್ನೆ: ಅಕ್ಕಾ, ನಮ್ಮದು ಮೊಳಕಾಲ್ಮುರು ತಾಲ್ಲೂಕಿನ ಗುಡ್ಡದ ಅಂಚಿನ ಹಳ್ಳಿ. ಶೇಂಗಾ ಹಾಕುತ್ತೇವೆ. ಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ನುಗ್ಗಿ ಒಂದೇ ರಾತ್ರಿಯಲ್ಲಿ ಹೊಲ ಉತ್ತ ಹಾಗೆ ಮಾಡಿ ಹೋಗುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವರ 315 ರೈಫಲ್ಲು, ಪರವಾನಗಿ ಎರಡೂ ನನ್ನ ಹೆಸರಿಗಾಗಿವೆ. ತೋಟಾ ಬೇಕೆಂದರೆ ದೂರದ ಊರಿಗೆ ಹೋಗಬೇಕು, ಬೆಲೆಯೂ ಜಾಸ್ತಿ. ಚಳ್ಳಕೆರೆಯಲ್ಲಿ ಲೇತ್ ಕೆಲಸ ಮಾಡುವ ತಮ್ಮನ ಮಗ, ‘ದೊಡ್ಡಪ್ಪ, ಖಾಲಿ ತೋಟಾ ಬಿಸಾಡಬೇಡ, ನಾನೇ ಮದ್ದು ತುಂಬಿ ಕೊಡ್ತೀನಿ, ಅಮೆರಿಕದಾಗೆ ಬೇಟೆ ಆಡೋರು ಹಂಗೇ ಮಾಡ್ತಾರೆ’ ಅಂತಾನೆ. ಮೊಬೈಲು ನೋಡಿ ಕಲಿತಿದ್ದಾನೆ. ಪಟಾಕಿ ಮದ್ದು ಒಂದಿಷ್ಟು ತಂದೂ ಇಟ್ಟಿದ್ದಾನೆ. ನಮ್ಮದು ಬೇಟೆ ಆಡುತ್ತಿದ್ದ ಮನೆತನ, ಬಂದೂಕಿನ ಭಯವಿಲ್ಲ. ಆದರೂ ಯಾಕೋ ನಿದ್ದೆ ಬರುತ್ತಿಲ್ಲ. ಇದನ್ನು ಅಪಾಯವಿಲ್ಲದೆ ಮಾಡುವ ದಾರಿ ಇದೆಯೇ?
– ಹೆಸರು ಬೇಡ, ಮೊಳಕಾಲ್ಮುರು ತಾಲ್ಲೂಕು

ಉತ್ತರ: ಮೊದಲು ಆ ಪಟಾಕಿ ಮದ್ದಿನ ಮಾತು ಮುಗಿಸೋಣ, ಉಳಿದದ್ದೆಲ್ಲ ಆಮೇಲೆ. ಅದನ್ನು ಯಾರೂ ಮುಟ್ಟುವುದು ಬೇಡ. ಒಲೆಗೆ ಹಾಕಬೇಡಿ, ಬಾವಿಗೆ ಸುರಿಯಬೇಡಿ, ಬೈಕಿನಲ್ಲಿ ಕಟ್ಟಿಕೊಂಡು ಬೇರೆ ಕಡೆ ಸಾಗಿಸಲೂಬೇಡಿ. ಕೆಲವು ಪಟಾಕಿ ಮದ್ದುಗಳು ಬೆಂಕಿಯೇ ಬೇಕಿಲ್ಲ, ಉಜ್ಜಿದರೆ, ಕುಟ್ಟಿದರೆ ಹೊತ್ತಿಕೊಳ್ಳುತ್ತವೆ. ಮಕ್ಕಳು ಆ ಕೋಣೆಗೆ ಹೋಗದಂತೆ ಬೀಗ ಹಾಕಿ, ಪರಿಚಯದ ವಕೀಲರೊಬ್ಬರನ್ನು ಕಂಡು, ಅವರ ಮೂಲಕವೇ ಠಾಣೆಗೆ ತಿಳಿಸಿ. ಒಯ್ಯುವ ಕೆಲಸ ಅದನ್ನು ಬಲ್ಲವರದ್ದು.

ಇನ್ನು ನಿಮ್ಮ ಪ್ರಶ್ನೆ. ನಿಮ್ಮ ಮನೆಯಲ್ಲಿ, ನಿಮಗೆ ಸಿಗುವ ಸಾಮಾನಿನಲ್ಲಿ, ಅಪಾಯವಿಲ್ಲದೆ ತೋಟಾ ತುಂಬುವ ದಾರಿ ಇಲ್ಲ. ಹುಡುಗ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಎಷ್ಟೋ ಬೇಟೆಗಾರರು ತಮ್ಮ ತೋಟಾ ತಾವೇ ತುಂಬಿಕೊಳ್ಳುತ್ತಾರೆ. ಆದರೆ ಮೊಬೈಲಿನ ಹತ್ತು ನಿಮಿಷದಲ್ಲಿ ಕಾಣುವುದು ಕೈಚಳಕ ಮಾತ್ರ, ಅದರ ಹಿಂದಿನ ಏರ್ಪಾಡು ಕಾಣುವುದಿಲ್ಲ. ಅಲ್ಲಿ ಮದ್ದು ತಯಾರಿಸುವ ಕಂಪನಿಗಳು ಒತ್ತಡ ಅಳೆಯುವ ನಳಿಗೆಗಳಲ್ಲಿ ಹಾರಿಸಿ ನೋಡಿ, ಯಾವ ತೋಟಾಕ್ಕೆ, ಯಾವ ತೂಕದ ಗುಂಡಿಗೆ, ಯಾವ ಮದ್ದು ಎಷ್ಟು ಎಂದು ಕೋಷ್ಟಕ ಅಚ್ಚು ಹಾಕುತ್ತವೆ. ತುಂಬುವವನು ಆ ಕೋಷ್ಟಕದ ಗರಿಷ್ಠ ಅಳತೆಗಿಂತ ನೂರಕ್ಕೆ ಹತ್ತರಷ್ಟು ಕೆಳಗಿನಿಂದ ಶುರುಮಾಡಿ, ಚೂರುಚೂರೇ ಏರಿಸುತ್ತಾ, ಪ್ರತಿ ಗುಂಡು ಹಾರಿಸಿದ ಮೇಲೂ ಕೇಪು ಚಪ್ಪಟೆಯಾಗಿದೆಯೇ, ಬೋಲ್ಟು ಬಿಗಿಯಾಗಿದೆಯೇ, ಖಾಲಿ ತೋಟಾ ಸೀಳಿದೆಯೇ ಎಂದು ಪರೀಕ್ಷಿಸುತ್ತಾನೆ. ತೂಗುವ ಲೆಕ್ಕ ಒಂದು ಗ್ರೇನಿನ ಹತ್ತನೇ ಒಂದು ಭಾಗ, ಅಂದರೆ ಸುಮಾರು ಆರೂವರೆ ಮಿಲಿಗ್ರಾಂ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಮದ್ದು. ಎರಡು ಬಗೆಯ ಮದ್ದು ನೋಡಲು ಒಂದೇ ಥರ ಇದ್ದು, ಒಂದು ನಿಧಾನಕ್ಕೆ, ಇನ್ನೊಂದು ಸರಕ್ಕನೆ ಉರಿಯಬಹುದು. ಅದಲುಬದಲಾದರೆ ರೈಫಲ್ಲೇ ಸಿಡಿಯುತ್ತದೆ.

ಎಷ್ಟು ಜೋರಾಗಿ? 30-06 ಎಂಬ ಹೆಸರಾಂತ ಬೇಟೆ ತೋಟಾಕ್ಕೆ ಅಲ್ಲಿ ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡು. ಲಾರಿ ಟೈರಿನಲ್ಲಿ ಇರುವುದು ನೂರರ ಆಸುಪಾಸು, ಅದು ಒಡೆದರೇ ಪಕ್ಕದಲ್ಲಿ ನಿಂತವರು ಉಳಿಯುವುದು ಕಷ್ಟ. ರೈಫಲ್ಲಿನ ಆ ಒತ್ತಡವನ್ನು ತಡೆದುಕೊಳ್ಳುವ ಬೋಲ್ಟು ನಿಮ್ಮ ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಇರುತ್ತದೆ. ರೈಫಲ್ ಮದ್ದನ್ನು ಗುಂಡು ನಳಿಗೆಯಲ್ಲಿ ಸಾಗುವಷ್ಟು ಹೊತ್ತೂ ಹದವಾಗಿ ಉರಿಯಲೆಂದು ಮಾಡಿರುತ್ತಾರೆ. ಪಟಾಕಿ ಮದ್ದನ್ನು ಒಮ್ಮೆಲೇ ಸಿಡಿಯಲೆಂದೇ ಮಾಡಿರುತ್ತಾರೆ. ‘ಸ್ವಲ್ಪವೇ ಹಾಕ್ತೀನಿ’ ಅಂದರೂ ಉಳಿಗಾಲವಿಲ್ಲ. ಮದ್ದು ಕಮ್ಮಿಯಾದರೆ ಗುಂಡು ನಳಿಗೆಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ, ಹಂದಿ ಎದುರಿಗಿರುವ ಗಡಿಬಿಡಿಯಲ್ಲಿ, ಅದು ಗೊತ್ತಾಗದೆ ಎರಡನೇ ತೋಟಾ ಹಾಕಿ ಕುದುರೆ ಎಳೆದರೆ ನಳಿಗೆ ಸೀಳುತ್ತದೆ. ಲೇತಿನಲ್ಲಿ ಗುಂಡು ಕಡೆಯುವುದೂ ಹಾಗೆಯೇ: ಕೂದಲೆಳೆಯಷ್ಟು ದಪ್ಪವಾದರೂ ಒತ್ತಡ ಏರುತ್ತದೆ. ಹುಡುಗನ ಕೈ ಕುಶಲವಾದದ್ದು, ಆ ಕೈಬೆರಳುಗಳೇ ಅವನ ಅನ್ನ.

ಕಾನೂನಿನ ಮಾತು ಇನ್ನೂ ಸ್ಪಷ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯದೇ ಪರವಾನಗಿ ಬೇಕು. ನಿಮ್ಮಲ್ಲಿರುವುದು ಇಟ್ಟುಕೊಳ್ಳುವ ಪರವಾನಗಿ. 2019ರ ತಿದ್ದುಪಡಿಯ ನಂತರ ಆ ಕಲಂ ಮೀರಿದವರಿಗೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ನಾಲ್ಕು ತೋಟಾದ ದುಡ್ಡು ಉಳಿಸಲು ಹೋಗಿ ಆ ಹುಡುಗನ ಹೆಸರು ಎಫ್‌ಐಆರ್‌ಗೆ ಬೀಳುವುದನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ. ಬಂದೂಕು ನಿಮ್ಮ ಹೆಸರಿನದು, ಅದನ್ನು ಹಿಡಿದು ಅವನು ಹೊಲ ಕಾಯಲು ಹೋಗುವಂತೆಯೂ ಇಲ್ಲ. ಪರವಾನಗಿ ಪುಸ್ತಕ ಬಿಡಿಸಿ ಓದಿ. ಅದು ಆತ್ಮರಕ್ಷಣೆಗೆ ಕೊಟ್ಟದ್ದೋ ಬೆಳೆ ರಕ್ಷಣೆಗೆ ಕೊಟ್ಟದ್ದೋ, ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದೆಲ್ಲ ಅದರಲ್ಲೇ ಇರುತ್ತದೆ. ತೋಟಾವನ್ನು ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡು ಪುಸ್ತಕದಲ್ಲಿ ನಮೂದು ಮಾಡಿಸಿ. ದೂರವಾದರೂ ಅದೇ ದಾರಿ. ಅಪ್ಪನ ಕಾಲದ ಬಂದೂಕನ್ನು ಪರವಾನಗಿ ಇರುವ ರಿಪೇರಿಯವರಿಗೆ ಒಮ್ಮೆ ತೋರಿಸಿ.

ಹಂದಿಯನ್ನು ಹೊಡೆಯುವುದಕ್ಕೂ ತಡೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆಯೇ ನಿಷಿದ್ಧ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ 11ನೇ ಕಲಮಿನಲ್ಲಿ ಅರಣ್ಯ ಇಲಾಖೆಗಿದೆ. ಆ ಬರಹದ ಆದೇಶ ಕೈಯಲ್ಲಿಲ್ಲದೆ ಹಾರಿಸಿದ ಗುಂಡು, ಅಂಗಡಿಯದ್ದಾದರೂ ಅಪರಾಧವೇ. ನಿಮ್ಮ ಕಡೆ ಕರಡಿಯೂ ಓಡಾಡುತ್ತದೆ, ಚಳ್ಳಕೆರೆಯ ಕಾವಲುಗಳಲ್ಲಿ ಕೃಷ್ಣಮೃಗವಿದೆ. ಕತ್ತಲಲ್ಲಿ ಗುಂಡು ಅವಕ್ಕೆ ತಗುಲಿದರೆ ಇನ್ನೂ ಕಷ್ಟ, ಇವೆರಡೂ ಅದೇ ಕಾಯ್ದೆ ಅತಿ ಹೆಚ್ಚು ರಕ್ಷಣೆ ಕೊಡುವ ಒಂದನೇ ಪರಿಚ್ಛೇದದ ಪ್ರಾಣಿಗಳು. ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ನಿಮ್ಮ ಸೀಮೆಯಲ್ಲಿ ಕುರಿಗಾಹಿಗಳು ಮಂದೆಯನ್ನು ಹೊಲದಲ್ಲಿ ನಿಲ್ಲಿಸಿ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಾರೆ. ಗುರಿ ತಪ್ಪಿದ ರೈಫಲ್ ಗುಂಡು ಆ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗಬಲ್ಲದು.

ಬೇಟೆಯ ಮನೆತನವೆಂದು ಬರೆದಿದ್ದೀರಿ. ಮ್ಯಾಸಬೇಡರ ಸೀಮೆಯಲ್ಲಿ ಆ ಹೆಮ್ಮೆ ಸಹಜ, ಅದನ್ನು ನಾನು ಹಗುರ ಮಾಡುವುದಿಲ್ಲ. ನಿಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ಪ್ರಾಣಿದಯೆಯ ಮಾತು ಕೆತ್ತಿಸಿದ್ದಾನೆ. ಬೆಳೆ ಕಳೆದುಕೊಂಡವರಿಗೆ ಅದನ್ನು ಓದಿ ಹೇಳಿ ಕೈತೊಳೆದುಕೊಳ್ಳುವುದೂ ನನ್ನಿಂದಾಗದು. ಹುಡುಗನನ್ನು ಗದರಿಸಬೇಡಿ. ಅವನು ಹೊರಟಿದ್ದು ದೊಡ್ಡಪ್ಪನ ಹೊಲ ಉಳಿಸಲಿಕ್ಕೆ. ‘ನಿನ್ನ ಕಣ್ಣು, ಕೈ ನನ್ನ ಶೇಂಗಾಕ್ಕಿಂತ ದೊಡ್ಡವು’ ಅಂತ ಕೂರಿಸಿಕೊಂಡು ಹೇಳಿ. ಅವನ ಕಸುಬನ್ನು ಬೇಲಿಯ ಕಡೆ ತಿರುಗಿಸಿ. ಸೋಲಾರ್ ಬೇಲಿಯ ಕಂಬ, ಗೇಟು, ತಂತಿ ಬಿಗಿಯುವ ಸಾಮಾನು ಅವನೇ ಮಾಡಬಲ್ಲ. ಆದರೆ ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಬಿಡುವ ಯೋಚನೆಯೂ ಬೇಡ, ಅದಕ್ಕೆ ಹಂದಿಗಿಂತ ಮೊದಲು ಮನುಷ್ಯರೇ ಸಿಗುತ್ತಾರೆ. ಹೊಲದ ಸುತ್ತ ಔಡಲ ಅಥವಾ ಮುಳ್ಳು ಕುಸುಬೆಯ ಸಾಲು ದಟ್ಟವಾಗಿ ಹಾಕುವುದು ಹಳೆಯ ಉಪಾಯ. ಪೂರ್ತಿ ತಡೆಯದಿದ್ದರೂ ಹಿಂಡನ್ನು ಹಿಂಜರಿಸುತ್ತದೆ. ಅಕ್ಕಪಕ್ಕದ ಹೊಲದವರೆಲ್ಲ ಒಟ್ಟಾಗಿ ಪಾಳಿ ಕಾದರೆ ಇನ್ನೂ ಒಳ್ಳೆಯದು.

ಆಗಿಹೋದ ನಷ್ಟವನ್ನು ಸುಮ್ಮನೆ ಬಿಡಬೇಡಿ. ಕಾಡುಪ್ರಾಣಿಗಳ ಬೆಳೆಹಾನಿಗೆ ಅರಣ್ಯ ಇಲಾಖೆ ದಯಾತ್ಮಕ ಧನ ಕೊಡುತ್ತದೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ಹೊಲದ ಫೋಟೊ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಸ್ವೀಕೃತಿ ಪಡೆದೇ ಬನ್ನಿ. ಹಿಂಡು ಪದೇ ಪದೇ ಬರುತ್ತಿದ್ದರೆ ಊರಿನವರೆಲ್ಲ ಸಹಿ ಮಾಡಿ, ಗ್ರಾಮ ಪಂಚಾಯಿತಿಯ ನಿರ್ಣಯದೊಂದಿಗೆ ಮನವಿ ಕೊಡಿ. ಒಬ್ಬರ ಅರ್ಜಿಗಿಂತ ಅದಕ್ಕೆ ತೂಕ ಹೆಚ್ಚು. ಫಸಲ್ ಬಿಮಾ ಯೋಜನೆಯಲ್ಲಿ 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನೂ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿದೆ. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ರಾಜ್ಯ ಸರ್ಕಾರ ಅಧಿಸೂಚಿಸಬೇಕು. ಆದ್ದರಿಂದ ಬಿತ್ತುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಕೊನೆಯ ದಿನ ದಾಟುವ ಮುಂಚೆ ಕಂತು ಕಟ್ಟಿ. ಮುಂಗಾರು ಆಹಾರ ಬೆಳೆ, ಎಣ್ಣೆಕಾಳುಗಳಿಗೆ ರೈತರ ಪಾಲು ವಿಮಾ ಮೊತ್ತದ ನೂರಕ್ಕೆ ಎರಡು ಮಾತ್ರ. ಹಂದಿ ನುಗ್ಗಿದ 72 ಗಂಟೆಯೊಳಗೆ ಫೋಟೊ ಸಮೇತ ವಿಮೆಯ ಆ್ಯಪಿನಲ್ಲಿ ದೂರು ದಾಖಲಾಗಬೇಕು, ಅದಕ್ಕೆ ಹುಡುಗನ ಮೊಬೈಲು ಬಳಸಿಕೊಳ್ಳಿ. ಅದೇ ಬೆಳಿಗ್ಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೂ ಕರೆ ಮಾಡಿ.