ಹೊಲಗದ್ದೆಗಳಲ್ಲಿ ಲೇಸರ್ ಬೆಳಕು: ಕಣ್ಣಿನ ರಕ್ಷಣೆಗೆ ಕೆಲವು ಕ್ರಮಗಳು

ಲೇಸರ್ ಉಪಕರಣವು ಮೊದಲಿಗೆ ತಯಾರಾದದ್ದು 1960ರಲ್ಲಿ. ಪ್ರಯೋಗಶಾಲೆಯಲ್ಲಿದ್ದ ಈ ಬೆಳಕು ಈಗ ಬೇಸಾಯಗಾರರ ಕೈಗೂ ಬಂದಿದೆ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳನ್ನು ಮಟ್ಟ ಮಾಡಲು ಲೇಸರ್ ಯಂತ್ರ ಬಳಕೆಯಲ್ಲಿದೆ. ಹಕ್ಕಿ ಓಡಿಸಲೆಂದು ಲೇಸರ್ ಟಾರ್ಚನ್ನೂ ಕೆಲವರು ಕೊಳ್ಳುತ್ತಾರೆ. ಇವುಗಳಿಂದ ಕಣ್ಣಿಗೆ ಆಗಬಹುದಾದ ಹಾನಿಯನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಅವಶ್ಯಕ.

ಹಾನಿ ಹೇಗೆ?

ಸಾಮಾನ್ಯ ಟಾರ್ಚಿನ ಬೆಳಕು ದೂರ ಹೋದಂತೆ ಹರಡಿ ಮಂಕಾಗುತ್ತದೆ. ಲೇಸರ್ ಕಿರಣ ಬಹಳ ಕಡಿಮೆ ಹರಡುವುದರಿಂದ ದೂರದಲ್ಲೂ ತೀಕ್ಷ್ಣವಾಗಿರುತ್ತದೆ. ಭೂತಗನ್ನಡಿ ಬಿಸಿಲನ್ನು ಒಂದೇ ಬಿಂದುವಿಗೆ ಸೇರಿಸಿ ಹತ್ತಿಯನ್ನು ಸುಡುವಂತೆ, ಕಣ್ಣಿನ ಮಸೂರವು ಈ ಕಿರಣವನ್ನು ಹಿಂಬದಿಯ ಅಕ್ಷಿಪಟಲದ ಮೇಲೆ ಒಂದು ಚುಕ್ಕೆಗೆ ಸೇರಿಸುತ್ತದೆ. ಅಲ್ಲಿ ಅದರ ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಆದ್ದರಿಂದ ಸುಟ್ಟರೂ ಕೂಡಲೇ ಗೊತ್ತಾಗದು. ಸುಟ್ಟ ಭಾಗ ಮತ್ತೆ ಮೊದಲಿನಂತಾಗದಿರಬಹುದು.

ಶಕ್ತಿಯನ್ನು ನೋಡಿ ಕೊಳ್ಳಿರಿ

ಲೇಸರಿನ ಶಕ್ತಿಯನ್ನು ಮಿಲಿವಾಟ್‌ಗಳಲ್ಲಿ ಅಳೆಯುತ್ತಾರೆ. ಕಣ್ಣಿಗೆ ಕಾಣುವ ಲೇಸರುಗಳ ವರ್ಗಗಳು ಹೀಗಿವೆ:

ವರ್ಗ 2: 1 ಮಿಲಿವಾಟ್‌ವರೆಗೆ. ಕಣ್ಣು ಕಾಲು ಸೆಕೆಂಡಿನಲ್ಲಿ ತಾನಾಗಿ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ರಕ್ಷಣೆ ದೊರೆಯುತ್ತದೆ.
ವರ್ಗ 3ಆರ್: 5 ಮಿಲಿವಾಟ್‌ವರೆಗೆ. ನೇರವಾಗಿ ನೋಡಬಾರದು.
ವರ್ಗ 3ಬಿ: 500 ಮಿಲಿವಾಟ್‌ವರೆಗೆ. ಕ್ಷಣಮಾತ್ರ ನೋಡಿದರೂ ಅಪಾಯ.
ವರ್ಗ 4: ಅದಕ್ಕೂ ಹೆಚ್ಚು. ಚರ್ಮ ಸುಡಬಲ್ಲದು, ಒಣಹುಲ್ಲಿಗೆ ಬೆಂಕಿ ತಾಗಿಸಬಲ್ಲದು.

ಚೀಟಿಯ ಮೇಲಿನ ಅಂಕಿಯನ್ನೇ ಪೂರ್ತಿ ನಂಬುವಂತಿಲ್ಲ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು 122 ಲೇಸರ್ ಪಾಯಿಂಟರುಗಳನ್ನು ಅಳೆದಾಗ, ಹಸಿರು ಬೆಳಕಿನವುಗಳಲ್ಲಿ ಸುಮಾರು ಶೇ. 90ರಷ್ಟು ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ. ಕೆಲವು ಅಗ್ಗದ ಹಸಿರು ಪಾಯಿಂಟರುಗಳಿಂದ ಕಣ್ಣಿಗೆ ಕಾಣದ ಅವಕೆಂಪು ಕಿರಣವೂ ಸೋರುತ್ತದೆ. ಕಾಣದ ಕಿರಣಕ್ಕೆ ರೆಪ್ಪೆ ಮುಚ್ಚುವುದಿಲ್ಲ.

ಮಟ್ಟ ಮಾಡುವ ಯಂತ್ರ

ಮುಕ್ಕಾಲಿಯ ಮೇಲಿನ ಪ್ರೇಷಕವು ಸುತ್ತುತ್ತ ಗದ್ದೆಯ ಮೇಲೆ ಸಮತಟ್ಟಾದ ಬೆಳಕಿನ ಹಾಸನ್ನು ಹರಡುತ್ತದೆ. ಹಿಂದಿನ ಬಕೆಟ್ಟಿನ ಕಂಬದಲ್ಲಿರುವ ಗ್ರಾಹಕ ಅದನ್ನು ಹಿಡಿಯುತ್ತದೆ.

1. ಕಿರಣವು ಟ್ರ್ಯಾಕ್ಟರಿನ ನೆತ್ತಿಗಿಂತಲೂ, ಬದುವಿನ ಮೇಲೆ ನಿಂತವರ ಕಣ್ಣಿಗಿಂತಲೂ ಎತ್ತರದಲ್ಲಿ ಹಾಯುವಂತೆ ಮುಕ್ಕಾಲಿಯನ್ನು ನಿಲ್ಲಿಸಬೇಕು.
2. ಮಟ್ಟ ನೋಡುವ ದೂರದರ್ಶಕವನ್ನಾಗಲಿ, ದುರ್ಬೀನನ್ನಾಗಲಿ ಪ್ರೇಷಕದತ್ತ ತಿರುಗಿಸಬಾರದು.
3. ಪ್ರೇಷಕವನ್ನು ಮುಟ್ಟುವ ಮುನ್ನ ಆರಿಸಬೇಕು.

ಹಕ್ಕಿ ಓಡಿಸುವ ಟಾರ್ಚು

ಲೇಸರ್ ಬೆಳಕಿಗೆ ಹಕ್ಕಿ ಬೆದರುವುದು ಮುಖ್ಯವಾಗಿ ಮಬ್ಬು ಬೆಳಕಿನಲ್ಲಿ. ಬಿಸಿಲೇರಿದ ಮೇಲೆ ಕಿರಣ ಎದ್ದು ಕಾಣದು. ತೆನೆಗೆ ಗಿಳಿಗಳ ಕಾಟ ಹೆಚ್ಚಾಗಿರುವುದು ಹಗಲಿನಲ್ಲೇ. ಆದ್ದರಿಂದ ಸಿಗುವ ಲಾಭಕ್ಕೆ ಹೋಲಿಸಿದರೆ ಅಪಾಯವೇ ದೊಡ್ಡದು. ಕವಣೆ, ತಮಟೆ, ಹೊಳೆಯುವ ರಿಬ್ಬನ್ನುಗಳನ್ನೇ ಮೊದಲು ಬಳಸುವುದು ಒಳ್ಳೆಯದು. ನವಿಲು ರಕ್ಷಿತ ಪಕ್ಷಿ. ಅದರ ಕಣ್ಣಿಗೆ ಕಿರಣ ಬಿಡಬಾರದು. ದಾರಿಹೋಕರು, ವಾಹನ, ವಿಮಾನ, ಎತ್ತುಗಳತ್ತ ಎಂದೂ ತಿರುಗಿಸಬಾರದು. ನೀರು ತುಂಬಿದ ಗದ್ದೆ ಮತ್ತು ತಗಡಿನಿಂದ ಕಿರಣ ಕನ್ನಡಿಯಿಂದ ಬಂದಂತೆ ಹಿಂದಿರುಗಬಹುದು. ಇದು ಮಕ್ಕಳ ಆಟಿಕೆಯಲ್ಲ. ಕೆಲಸವಾದ ಮೇಲೆ ಬ್ಯಾಟರಿ ತೆಗೆದು, ಕೀಟನಾಶಕದಂತೆಯೇ ಬೀಗದಲ್ಲಿಡಬೇಕು.

ಕಣ್ಣಿಗೆ ಕಿರಣ ತಗುಲಿದರೆ

ಕಣ್ಣು ಮುಚ್ಚಿ ಮುಖ ತಿರುಗಿಸಬೇಕು, ಉಜ್ಜಬಾರದು. ನಂತರ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಾಗಿಲಿನ ಚೌಕಟ್ಟನ್ನು ನೋಡಬೇಕು. ಎರಡೂ ಕಣ್ಣುಗಳನ್ನು ಹೀಗೆಯೇ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ನೇರವಾದ ಅಂಚು ಡೊಂಕಾಗಿ ಕಂಡರೆ, ನಡುವೆ ಕಪ್ಪು ಚುಕ್ಕೆ ಉಳಿದರೆ ಅಥವಾ ಮಸುಕಾದರೆ ಅಂದೇ ನೇತ್ರವೈದ್ಯರಲ್ಲಿಗೆ ಹೋಗಬೇಕು. ಎದೆಹಾಲು, ಸೊಪ್ಪಿನ ರಸ ಮುಂತಾದವನ್ನು ಹಾಕಬಾರದು. ಗಾಯವಿರುವುದು ಕಣ್ಣಿನ ಹಿಂಬದಿಯಲ್ಲಿ, ಅಲ್ಲಿಗೆ ಇವು ತಲುಪುವುದೂ ಇಲ್ಲ. ನೋವಿಲ್ಲವೆಂದು ಸುಮ್ಮನಿರುವುದು ಸಲ್ಲದು.